ಗೂಡಿನೊಳಗೆ ದೀಪ, ಗೂಡಿನೊಳಗೆ ಮಗು

ಗೀಜಗನ ಗೂಡಿನಿಂದ ಕಲಘಟಗಿ ತೊಟ್ಟಿಲಿನವರೆಗೆ: ಮನೆಯ ಸಾಮಾನಿನಲ್ಲಿ ನಿಸರ್ಗದ ಆಸರೆ

ಪುಣೆ: ದೀಪಾವಳಿ ಹತ್ತಿರ ಬಂತೆಂದರೆ ಲಕ್ಷ್ಮಿ ರಸ್ತೆ, ತುಳಶಿಬಾಗ್ ಸುತ್ತಮುತ್ತಲ ಅಂಗಡಿಗಳ ಮುಂದೆ ಬಣ್ಣಬಣ್ಣದ ಆಕಾಶಕಂದೀಲುಗಳು ತೂಗತೊಡಗುತ್ತವೆ. ಉಡುಪಿ, ಮಂಗಳೂರು ಕಡೆಯಿಂದ ಬಂದವರ ಮನೆಯಲ್ಲಿ ಅಜ್ಜಿ ಅದನ್ನು ಗೂಡುದೀಪ ಎನ್ನುತ್ತಾರೆ. ಧಾರವಾಡ, ವಿಜಯಪುರ ಕಡೆಯವರ ಮನೆಯಲ್ಲಿ ಅದೇ ವಸ್ತು ಆಕಾಶಬುಟ್ಟಿ. ಪುಣೆಯಲ್ಲೇ ಹುಟ್ಟಿ ಬೆಳೆದ ಮೊಮ್ಮಗನಿಗೆ ಮಾತ್ರ ಅದು ಬರೀ ಕಂದೀಲು.

ಹೆಸರಿನಲ್ಲೇನಿದೆ ಎಂದು ಕೇಳಬಹುದು. ಬಹಳಷ್ಟಿದೆ. ಗೂಡು ಎಂದರೆ ಹಕ್ಕಿ ತನ್ನ ಮರಿಗಾಗಿ ಕಟ್ಟುವ ಮನೆ. ದೀಪಕ್ಕೂ ಅಂಥದೇ ಒಂದು ಮನೆ ಬೇಕು, ಗಾಳಿಗೆ ಅದು ಆರಬಾರದು ಎಂದು ಕರಾವಳಿಯ ಹಿರಿಯರು ಬಿದಿರಿನ ಕಡ್ಡಿ ಕಟ್ಟಿ, ಕಾಗದ ಅಂಟಿಸಿ, ಒಳಗೆ ಹಣತೆ ಇಟ್ಟು ಮೇಲಕ್ಕೇರಿಸಿದರು. ಹಳೆಯ ಮನೆಗಳ ಗೋಡೆಯಲ್ಲಿ ದೀಪ ಇಡಲು ಬಿಟ್ಟ ಮಾಡಕ್ಕೂ ದೀಪದ ಗೂಡು ಎಂದೇ ಹೆಸರು. ರೇಷ್ಮೆ ಹುಳು ಸುತ್ತಿಕೊಳ್ಳುವುದೂ ಗೂಡೇ. ಒಂದೇ ಮಾತಿನಲ್ಲಿ ಹಕ್ಕಿ, ಹುಳು ಮತ್ತು ದೀಪ ಮೂರಕ್ಕೂ ಮನೆ ಮಾಡಿಕೊಟ್ಟ ಭಾಷೆ ಕನ್ನಡ.

ಇಂದು ಜಗತ್ತಿನ ದೊಡ್ಡ ವಿನ್ಯಾಸಕಾರರು ಚಿಪ್ಪು, ಗೂಡು, ಬೀಜದ ಕೋಶ, ಮೊಟ್ಟೆ ಮುಂತಾದ ರಕ್ಷಣೆಯ ಆಕಾರಗಳನ್ನು ನೋಡಿ ಕುರ್ಚಿ, ದೀಪಗಳನ್ನು ಶಿಲ್ಪದಂತೆ ರೂಪಿಸುತ್ತಿದ್ದಾರೆ. ಅವುಗಳ ಬೆಲೆ ಕೇಳಿದರೆ ಸಾಮಾನ್ಯರು ಹೌಹಾರುತ್ತಾರೆ. ಆದರೆ ಅದೇ ವಿಚಾರ ನಮ್ಮವರ ಅಟ್ಟದ ಮೇಲೆ, ಹಿತ್ತಿಲಿನಲ್ಲಿ, ಹಾಡುಗಾರರ ವೇದಿಕೆಯಲ್ಲಿ ಬಹಳ ಹಿಂದಿನಿಂದಲೂ ಇದೆ ಎಂಬುದನ್ನು ಪುಣೆಯ ಕನ್ನಡಿಗರು ಒಮ್ಮೆ ನೆನೆಯುವುದು ಒಳ್ಳೆಯದು.

ಹಕ್ಕಿ ಕಲಿಸಿದ ಪಾಠ

ಗೀಜಗನ ಗೂಡನ್ನು ನೋಡದ ಹಳ್ಳಿಯವರಿಲ್ಲ. ಹುಲ್ಲಿನ, ಗರಿಯ ಸೀಳುಗಳನ್ನು ಕೊಕ್ಕಿನಿಂದ ಹೆಣೆದು ಮಾಡಿದ ಆ ಗೂಡು ಈಚಲು ಮರದಲ್ಲೋ, ಮುಳ್ಳಿನ ಮರದಲ್ಲೋ, ಹೆಚ್ಚಾಗಿ ಬಾವಿ, ಕೆರೆಯ ನೀರಿನ ಮೇಲೆ ತೂಗುತ್ತಿರುತ್ತದೆ. ಬಾಗಿಲು ಕೆಳಗಿನಿಂದ, ಉದ್ದನೆಯ ಕೊಳವೆಯ ಮೂಲಕ. ಕಾಗೆ, ಹಾವು ಸುಲಭವಾಗಿ ಒಳಗೆ ಹೋಗಲಾರವು. ಮರಾಠಿಯಲ್ಲಿ ಈ ಹಕ್ಕಿಗೆ ಸುಗರಣ ಎನ್ನುತ್ತಾರೆ. ಅಡುಗೆ, ಮನೆಗೆಲಸದಲ್ಲಿ ಜಾಣೆಯಾದ ಗೃಹಿಣಿಗೂ ಅದೇ ಮಾತು. ತಮಾಷೆಯೆಂದರೆ ಗೂಡು ನೇಯುವುದು ಗಂಡು ಹಕ್ಕಿ. ಹೆಣ್ಣು ಬಂದು ಪರೀಕ್ಷಿಸಿ, ಒಪ್ಪಿದರೆ ಮಾತ್ರ ಸಂಸಾರ. ಪಕ್ಷಿತಜ್ಞ ಸಲೀಂ ಅಲಿ ಅವರು ರಾಯಗಡ ಜಿಲ್ಲೆಯ ಕಿಹಿಂ ಕಡಲತೀರದಲ್ಲಿ ಕುಳಿತು 1930ರಲ್ಲಿ ಈ ಹಕ್ಕಿಯ ಸಂಸಾರವನ್ನು ದಿನಗಟ್ಟಲೆ ಗಮನಿಸಿ ಬರೆದದ್ದು ಪ್ರಸಿದ್ಧ.

ಗೀಜಗ ತನ್ನ ಗೂಡಿನ ಒಳಗೋಡೆಗೆ ಹಸಿ ಮಣ್ಣಿನ ಉಂಡೆಗಳನ್ನು ಮೆತ್ತುತ್ತದೆ. ಆ ಮಣ್ಣಿಗೆ ಮಿಂಚುಹುಳಗಳನ್ನು ಅಂಟಿಸಿ ರಾತ್ರಿ ಬೆಳಕು ಮಾಡಿಕೊಳ್ಳುತ್ತದೆ ಎಂಬ ನಂಬಿಕೆ ದೇಶದ ಹಲವೆಡೆ ಇದೆ. ಗಾಳಿಗೆ ಗೂಡು ಹೊಯ್ದಾಡದಿರಲು ಈ ಭಾರ ಎಂದು ತಿಳಿದವರು ಹೇಳುತ್ತಾರೆ. ಮಿಂಚುಹುಳದ ಮಾತು ಕತೆಯೇ ಇರಬಹುದು. ಆದರೂ ಗೂಡಿಗೊಂದು ದೀಪ ಬೇಕು ಎಂದು ಮೊದಲು ಊಹಿಸಿದ ಮನುಷ್ಯ ದೊಡ್ಡ ವಿನ್ಯಾಸಕಾರನೇ ಸರಿ.

ರೇಷ್ಮೆ ಗೂಡಿನದು ಇನ್ನೊಂದು ಬಗೆಯ ಜಾಣತನ. ಬೆರಳಿನ ತುದಿಯಷ್ಟಿರುವ ಆ ಗೂಡಿನಲ್ಲಿ ಸಾವಿರ ಮೀಟರಿನ ಆಸುಪಾಸು ಉದ್ದದ ಒಂದೇ ಎಳೆ ಇರುತ್ತದೆ. ಒಳಗಿನ ಜೀವಕ್ಕೆ ಗಾಳಿಯೂ ಸಿಗಬೇಕು, ಹೊರಗಿನ ಕಾಟವೂ ತಾಕಬಾರದು. ಅಂಥ ಗೂಡನ್ನು ಬೆಳಕಿಗೆ ಹಿಡಿದರೆ ಬೆಳಕು ಮೆತ್ತಗಾಗಿ ಸೋಸಿ ಬರುತ್ತದೆ. ದೀಪದ ಬುರುಡೆಯ ಉರಿಯನ್ನು ಕಣ್ಣಿಗೆ ಹಿತವಾಗಿಸುವ ಉಪಾಯವೂ ಇಷ್ಟೇ.

ಹೊರದೇಶದವರು ಮಾಡಿದ್ದು

ಎರಡನೆಯ ಮಹಾಯುದ್ಧದ ನಂತರದ ಹತ್ತು ಹದಿನೈದು ವರ್ಷಗಳಲ್ಲಿ ಈ ವಿಚಾರ ಹೊರದೇಶಗಳಲ್ಲಿ ಬಲು ಜೋರಾಗಿ ಬೆಳೆಯಿತು. 1948ರಲ್ಲಿ ಅಮೆರಿಕದಲ್ಲಿ ಏರೊ ಸಾರಿನೆನ್ ಒಂದು ಕುರ್ಚಿ ಮಾಡಿದರು. ಕಾಲು ಮಡಚಿ, ಮುದುರಿಕೊಂಡು ಕೂರಲು ಬರುವಂಥ ಕುರ್ಚಿ ಬೇಕೆಂದು ಫ್ಲಾರೆನ್ಸ್ ನೋಲ್ ಎಂಬ ಮಹಿಳೆ ಕೇಳಿದ್ದರು. ಅದಕ್ಕೆ ಬಿದ್ದ ಹೆಸರು ವೂಂಬ್ ಚೇರ್, ಅಂದರೆ ಗರ್ಭದ ಕುರ್ಚಿ. 1958ರಲ್ಲಿ ಡೆನ್ಮಾರ್ಕಿನ ಆರ್ನೆ ಯಾಕೊಬ್ಸೆನ್ ಕೋಪನ್‌ಹೇಗನ್ನಿನ ಒಂದು ಹೋಟೆಲಿಗಾಗಿ ಮೊಟ್ಟೆಯ ಆಕಾರದ ಕುರ್ಚಿ ಮಾಡಿದರು. ಜನ ಓಡಾಡುವ ಹೋಟೆಲಿನ ಹಜಾರದಲ್ಲೂ ಅದರಲ್ಲಿ ಕುಳಿತವನಿಗೆ ಅಕ್ಕಪಕ್ಕದ ಗದ್ದಲ ಕಡಿಮೆ ತಟ್ಟುತ್ತದೆ. ಮರು ವರ್ಷ ಅದೇ ದೇಶದ ನಾನಾ ಡಿಟ್ಸೆಲ್ ಬೆತ್ತದಲ್ಲಿ ಹೆಣೆದ ತೂಗು ಮೊಟ್ಟೆಯನ್ನು ತೋರಿಸಿದರು. ಇಂದು ಪುಣೆಯ ಫ್ಲಾಟುಗಳ ಬಾಲ್ಕನಿಗಳಲ್ಲಿ ಕಾಣುವ ಬುಟ್ಟಿಯಾಕಾರದ ಉಯ್ಯಾಲೆಗಳೆಲ್ಲ ಆ ಮೊಟ್ಟೆಯ ಮರಿಮಕ್ಕಳು ಎಂದರೆ ತಪ್ಪಾಗಲಾರದು.

ದೀಪದಲ್ಲೂ ಅಷ್ಟೇ. 1951ರಲ್ಲಿ ಇಸಾಮು ನೊಗುಚಿ ಜಪಾನಿನ ಗಿಫು ಎಂಬ ಊರಿಗೆ ಹೋದಾಗ ಅಲ್ಲಿಯ ಬಿದಿರು, ಕಾಗದದ ಲಾಂದ್ರಗಳನ್ನು ಕಂಡು ಅಕಾರಿ ಎಂಬ ಹೆಸರಿನ ದೀಪಗಳ ಸಾಲನ್ನೇ ಆರಂಭಿಸಿದರು. ಅದು ಅವರ ಗೂಡುದೀಪ. 1958ರಲ್ಲಿ ಡೆನ್ಮಾರ್ಕಿನ ಪೌಲ್ ಹೆನ್ನಿಂಗ್ಸೆನ್ ಆರ್ಟಿಚೋಕ್ ಎಂಬ ಹೂವಿನ ಮೊಗ್ಗಿನ ಆಕಾರದ ದೀಪ ಮಾಡಿದರು. ಅದಕ್ಕೆ 72 ಎಲೆಗಳು. ಯಾವ ಕಡೆಯಿಂದ ನೋಡಿದರೂ ಒಳಗಿನ ಬಲ್ಬು ಕಣ್ಣಿಗೆ ಬೀಳದು, ಬೆಳಕು ಮಾತ್ರ ಎಲೆಯಿಂದ ಎಲೆಗೆ ತಾಗಿ ಹೊರಗೆ ಬರುತ್ತದೆ. ಮೊಗ್ಗಿನ ದಳ ಒಂದರ ಮೇಲೊಂದು ಮುಚ್ಚಿಕೊಂಡು ಒಳಗಿನ ಕೇಸರವನ್ನು ಕಾಯುವಂತೆಯೇ ಇದು.

ಇವರೆಲ್ಲರ ಕೆಲಸ ಶ್ಲಾಘನೀಯವೇ. ಆದರೆ ಮಳೆಗಾಲದಲ್ಲಿ ನಾಟಿ ಮಾಡುವ ಮಲೆನಾಡಿನ, ಕರಾವಳಿಯ ಹೆಂಗಸರು ತಲೆಯಿಂದ ಸೊಂಟದವರೆಗೆ ಬೆನ್ನ ಮೇಲೆ ಕವುಚಿಕೊಳ್ಳುವ ಎಲೆಯ ಗೊರಬೆಯನ್ನು ನೆನಪಿಸಿಕೊಳ್ಳಿ. ಪುಣೆಯ ಪಶ್ಚಿಮಕ್ಕಿರುವ ಘಟ್ಟದ ಹಳ್ಳಿಗಳಲ್ಲಿ ಅದರದೇ ಸೋದರ ಇರ್ಲೆ. ಎರಡೂ ಆಮೆಯ ಚಿಪ್ಪಿನಂತೆ ಬೆನ್ನನ್ನು ಕಾಯುತ್ತವೆ, ಎರಡೂ ಕೈಗಳನ್ನು ಕೆಲಸಕ್ಕೆ ಬಿಡುತ್ತವೆ. ಕುರಿ ಕಾಯುವವನ ಕಂಬಳಿ ಕೊಪ್ಪೆಯೂ ಇದೇ ಜಾತಿಯದು. ಈ ಆಕಾರಗಳನ್ನು ಮಾಡಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ ಅಷ್ಟೇ.

ಕೇಳ್ಕರ್ ಮ್ಯೂಸಿಯಮ್ಮಿನ ದೀಪಗಳು

ಪುಣೆಯಲ್ಲಿದ್ದೂ ಶುಕ್ರವಾರ ಪೇಟೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯವನ್ನು ನೋಡದ ನಮ್ಮವರು ಅನೇಕರಿದ್ದಾರೆ. ಊರಿನಿಂದ ಬಂದ ನೆಂಟರನ್ನು ಶನಿವಾರವಾಡಾ, ದಗಡೂಶೇಟ್ ಗಣಪತಿಗೆ ಕರೆದೊಯ್ಯುತ್ತಾರೆ. ಬಾಜಿರಾವ್ ರಸ್ತೆಯ ಪಕ್ಕದಲ್ಲೇ ಇರುವ ಈ ಮನೆ ಉಳಿದುಬಿಡುತ್ತದೆ.

ದಿನಕರ ಕೇಳ್ಕರ್ (1896-1990) ಕವಿ. ಸುಮಾರು 1920ರಿಂದ ದೇಶದ ಉದ್ದಗಲ ತಿರುಗಿ ಜನರು ದಿನಬಳಕೆಗೆ ಇಟ್ಟುಕೊಂಡಿದ್ದ ವಸ್ತುಗಳನ್ನು ಅವರು ಕೂಡಿಸಿದರು. ದೀಪ, ಅಡಕೊತ್ತು, ಪಾತ್ರೆ, ಕೆತ್ತನೆಯ ಬಾಗಿಲು, ವಾದ್ಯ ಎಲ್ಲ ಸೇರಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ವಸ್ತುಗಳಾದವು. 1975ರಲ್ಲಿ ಇಡೀ ಸಂಗ್ರಹವನ್ನು ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ಸಂಗ್ರಹಾಲಯಕ್ಕಿರುವ ರಾಜಾ ಎಂಬ ಹೆಸರು ಯಾವ ಅರಸನದೂ ಅಲ್ಲ. ಏಳನೆಯ ವಯಸ್ಸಿನಲ್ಲಿ ತೀರಿಕೊಂಡ ಅವರ ಮಗನದು.

ಅಲ್ಲಿಯ ದೀಪಗಳ ಮುಂದೆ ನಿಂತರೆ ಒಂದು ವಿಷಯ ಗಮನಕ್ಕೆ ಬರುತ್ತದೆ. ಹಿಂದಿನವರಿಗೆ ದೀಪವೆಂದರೆ ಬರೀ ಬತ್ತಿಯಲ್ಲ. ಎಣ್ಣೆಗೆ ಒಂದು ಹೊಟ್ಟೆ, ಬತ್ತಿಗೆ ಒಂದು ಮೂಗು, ತೂಗಲು ಒಂದು ಸರಪಳಿ, ಇವೆಲ್ಲಕ್ಕೂ ಆನೆಯದೋ ಹಕ್ಕಿಯದೋ ಒಂದು ಆಕಾರ. ಕೆಲಸಕ್ಕೆ ಬರುವ ವಸ್ತುವೇ ಶಿಲ್ಪವೂ ಆಗಿತ್ತು. ಶಿಲ್ಪದಂಥ ದೀಪ ಎಂದು ಇಂದು ಹೊಸ ಮಾತಿನಂತೆ ಹೇಳುವುದು ಅಂದು ಅಡುಗೆಮನೆಯ ಸಾಮಾನು.

ಭೀಮಾ ತೀರದ ಬುರುಡೆ

ಪುಣೆಯ ಕನ್ನಡಿಗರಿಗೆ ಅತ್ಯಂತ ಹೆಮ್ಮೆಯ ವೇದಿಕೆ ಯಾವುದು ಎಂದರೆ ಸವಾಯಿ ಗಂಧರ್ವ ಮಹೋತ್ಸವದ್ದು. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮರು ವರ್ಷ ಈ ಉತ್ಸವ ಆರಂಭವಾಯಿತು. ಗದಗಿನಿಂದ ಬಂದು ಪುಣೆಯಲ್ಲಿ ನೆಲೆಸಿದ ಅವರ ಶಿಷ್ಯ ಪಂಡಿತ ಭೀಮಸೇನ ಜೋಶಿ ಅದನ್ನು ದಶಕಗಳ ಕಾಲ ಹೊತ್ತು ನಡೆಸಿದರು. ಜೋಶಿಯವರು 2011ರಲ್ಲಿ ನಿಧನರಾದ ಮೇಲೆ ಗುರುಶಿಷ್ಯರಿಬ್ಬರ ಹೆಸರೂ ಉತ್ಸವಕ್ಕೆ ಕೂಡಿಕೊಂಡಿತು.

ಅವರ ಬೆನ್ನ ಹಿಂದೆ ಎರಡು ಕಡೆ ನಿಲ್ಲುತ್ತಿದ್ದ ತಂಬೂರಿಗಳನ್ನು ಎಲ್ಲರೂ ನೋಡಿದ್ದಾರೆ. ಅದರ ಗುಂಡನೆಯ ಬುಡ ಮರದ್ದಲ್ಲ, ಒಣಗಿದ ಸೋರೆ ಬುರುಡೆ. ಬೀಜಗಳನ್ನು ಕಾಯಲು ಬಳ್ಳಿ ಮಾಡಿಕೊಂಡ ಗಟ್ಟಿ ಡಬ್ಬಿ ಅದು. ಒಣಗಿದಾಗ ಹಗುರ, ಒಳಗೆ ಪೊಳ್ಳು, ನೀರು ಸುಲಭವಾಗಿ ಹೋಗದು. ಹಳ್ಳಿಯಲ್ಲಿ ಮಕ್ಕಳ ಬೆನ್ನಿಗೆ ಕಟ್ಟಿ ಬಾವಿಗಿಳಿಸುತ್ತಿದ್ದ ಈಸುಬುರುಡೆಯೂ ಇದೇ. ತಂತಿಯ ಕಂಪನ ಕುದುರೆಯ ಮೂಲಕ ಹಲಗೆಗೆ, ಅಲ್ಲಿಂದ ಬುರುಡೆಯ ಪೊಳ್ಳಿಗೆ ಇಳಿದು ತುಂಬಿಕೊಂಡು ಹೊರಬರುತ್ತದೆ. ಬುರುಡೆಯಿಲ್ಲದಿದ್ದರೆ ತಂತಿಯ ದನಿ ಪಕ್ಕದವನಿಗೂ ಸರಿಯಾಗಿ ಕೇಳದು.

ಈ ತಂಬೂರಿಗಳ ತವರು ಮಿರಜ. ಕತ್ತಿ, ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು ಹತ್ತೊಂಬತ್ತನೆಯ ಶತಮಾನದ ನಡುವೆ ವಾದ್ಯ ಮಾಡುವುದಕ್ಕೆ ತೊಡಗಿದರು ಎಂದು ಅಲ್ಲಿಯ ಪರಂಪರೆ ಹೇಳುತ್ತದೆ. 2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತದ್ದು ಉಲ್ಲೇಖನೀಯ. ಬುರುಡೆಗಳು ಬರುವುದು ಹೆಚ್ಚಾಗಿ ಸೋಲಾಪುರ ಜಿಲ್ಲೆಯ ಪಂಢರಪುರದ ಸುತ್ತಲಿನ ಭೀಮಾ ತೀರದಿಂದ. ಪುಣೆಯ ಮುಳಾ-ಮುಠಾ ನೀರು ಸೇರುವ ಭೀಮೆಯೇ ಪಂಢರಪುರ ದಾಟಿ ಕಲಬುರ್ಗಿ ಸೀಮೆಗೆ ಇಳಿಯುವವಳು. ಅವಳ ದಂಡೆಯ ಕಾಯಿ ಮಿರಜದಲ್ಲಿ ತಂಬೂರಿಯಾಗಿ ಪುಣೆಯ ವೇದಿಕೆಗೆ ಬರುತ್ತದೆ.

ಅದೇ ಬುರುಡೆ ಈಗ ದೀಪವೂ ಆಗಿದೆ. ಮೈಸೂರಿನ ಕೃಷಿಕಲಾ ಸಂಸ್ಥೆಯ ಸೀಮಾ ಪ್ರಸಾದ್ ಅವರು ಸೋರೆ ಬುರುಡೆಯಿಂದ ದೀಪ, ಅಲಂಕಾರದ ವಸ್ತುಗಳನ್ನು ಮಾಡಿಸಿ ಈ ಕಲೆಯನ್ನು ಕರ್ನಾಟಕದಲ್ಲಿ ಪರಿಚಯಿಸಿದ್ದಾರೆ. ಛತ್ತೀಸಗಢದ ಬಸ್ತರ್‌ನಲ್ಲಿ ಬಿಸಿ ಮಾಡಿದ ಚೂರಿಯಿಂದ ಬುರುಡೆಯ ಮೇಲೆ ಚಿತ್ರ ಸುಡುವ ತುಮಾ ಕಲೆ ಇದೆ. ಬುರುಡೆಗೆ ಸಣ್ಣ ತೂತುಗಳನ್ನು ಕೊರೆದು ಒಳಗೆ ದೀಪವಿಟ್ಟರೆ ಗೋಡೆಯ ತುಂಬ ಬೆಳಕಿನ ರಂಗೋಲಿ ಬೀಳುತ್ತದೆ. ಬೆಂಗಳೂರಿನಲ್ಲಿ ಜೆನ್ನಿ ಪಿಂಟೊ ಅವರು ಬಾಳೆಯ ನಾರಿನ ಕಾಗದದಿಂದ ದೀಪಗಳನ್ನು ಮಾಡುತ್ತ ಬಂದಿದ್ದಾರೆ. ಬಾಳೆಯ ದಿಂಡನ್ನು ಸುತ್ತಿ ಕಾಯುವ ಪದರವೇ ಅಲ್ಲಿ ದೀಪಕ್ಕೆ ಹೊದಿಕೆ.

ಇಂಥ ದೀಪಗಳು ಮನೆಮನೆಗೆ ಬರಲು ಸಾಧ್ಯವಾದದ್ದು ಎಲ್‌ಇಡಿಯಿಂದ. ಹಳೆಯ 60 ವ್ಯಾಟಿನ ಬಲ್ಬು ತಾನು ತಿನ್ನುವ ವಿದ್ಯುತ್ತಿನ ಬಹುಪಾಲನ್ನು ಬಿಸಿಯಾಗಿ ಕಳೆಯುತ್ತಿತ್ತು. ಒಣ ಬುರುಡೆ, ಕಾಗದ, ನಾರಿನ ಪಕ್ಕದಲ್ಲಿ ಅದನ್ನು ಇಡುವುದು ಅಪಾಯ. ಈಗ ಅಷ್ಟೇ ಬೆಳಕನ್ನು ಸುಮಾರು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ, ಬಿಸಿಯೂ ಕಡಿಮೆ. ರಾತ್ರಿ ಎದ್ದು ಮಗುವಿಗೆ ಹಾಲೂಡಿಸುವ ತಾಯಿಗೆ, ಬಚ್ಚಲಿಗೆ ಹೋಗುವ ವೃದ್ಧರಿಗೆ ಕಣ್ಣು ಕುಕ್ಕುವ ಟ್ಯೂಬ್‌ಲೈಟಿಗಿಂತ ಇಂಥ ಮೆತ್ತನೆಯ ಹಳದಿ ಬೆಳಕು ಎಷ್ಟೋ ಹಿತ.

ತೊಟ್ಟಿಲೆಂಬ ಗೂಡು

ಮನುಷ್ಯ ಮಾಡಿದ ಗೂಡುಗಳಲ್ಲಿ ಮೊದಲನೆಯದು ತೊಟ್ಟಿಲು. ಬಡವರ ಮನೆಯಲ್ಲಿ ತಾಯಿಯ ಹಳೆ ಸೀರೆಯನ್ನು ಜಂತಿಗೆ ಕಟ್ಟಿದರೆ ಜೋಲಿಯಾಯಿತು. ಬಟ್ಟೆ ಮಗುವಿನ ಮೈಗೆ ಹೊಂದಿಕೊಂಡು ಬೀಜದ ಕೋಶದಂತೆ ಸುತ್ತಿಕೊಳ್ಳುತ್ತದೆ, ಸೀರೆಯಲ್ಲಿ ತಾಯಿಯ ವಾಸನೆಯೂ ಇರುತ್ತದೆ. ಉಳ್ಳವರ ಮನೆಗೆ ಮಾತ್ರ ಕಲಘಟಗಿಯ ತೊಟ್ಟಿಲು.

ಹುಬ್ಬಳ್ಳಿಯಿಂದ ಯಲ್ಲಾಪುರ, ಕಾರವಾರದ ಕಡೆ ಹೋಗುವ ದಾರಿಯಲ್ಲಿದೆ ಕಲಘಟಗಿ. ಇಲ್ಲಿಯ ಕಲಾವಿದರು ಸಾಗವಾನಿಯ ತೊಟ್ಟಿಲಿನ ಹಲಗೆಗಳ ಮೇಲೆ ಅರಗಿನ ಬಣ್ಣದಲ್ಲಿ ಕೃಷ್ಣನ ಬಾಲಲೀಲೆ, ರಾಮಾಯಣ, ಮಹಾಭಾರತದ ಪ್ರಸಂಗಗಳನ್ನು ಬರೆಯುತ್ತಾರೆ. ಉತ್ತರ ಕರ್ನಾಟಕದ ಜೋಗುಳದ ಪದಗಳಲ್ಲೂ ಈ ತೊಟ್ಟಿಲಿನ ಹೆಸರು ಸೇರಿಹೋಗಿದೆ. ಒಂದು ತೊಟ್ಟಿಲು ಮುಗಿಯಲು ವಾರಗಟ್ಟಲೆ ಬೇಕು, ಬೆಲೆ ಹತ್ತಾರು ಸಾವಿರ. ಮಾಡಿದ ತೊಟ್ಟಿಲು ಮಾತ್ರ ತಲೆಮಾರುಗಟ್ಟಲೆ ಬಾಳುತ್ತದೆ. ಅಜ್ಜ ಮಲಗಿದ್ದ ತೊಟ್ಟಿಲಿನಲ್ಲೇ ಮೊಮ್ಮಗನೂ ಮಲಗಿದ ಮನೆಗಳು ಧಾರವಾಡ ಸೀಮೆಯಲ್ಲಿ ಇವೆ.

ತೊಂದರೆ ಇರುವುದೂ ಅಲ್ಲೇ. ಬಾಳುವ ವಸ್ತುವನ್ನು ಜನ ಮತ್ತೆ ಮತ್ತೆ ಕೊಳ್ಳುವುದಿಲ್ಲ. ಕೊಳ್ಳುವವರು ಕಡಿಮೆಯಾದಂತೆ ಮಾಡುವ ಕುಟುಂಬಗಳೂ ಬೆರಳೆಣಿಕೆಗೆ ಇಳಿದಿವೆ. ಆ ಕೈಗಳು ಕೆಲಸ ಬಿಟ್ಟರೆ ಜೋಗುಳದಲ್ಲಿ ಹೆಸರು ಉಳಿದೀತು, ತೊಟ್ಟಿಲು ಉಳಿಯದು.

ಪುಣೆಯಂಥ ಊರಿನಲ್ಲಿ ಇನ್ನೂ ಒಂದು ಅಡಚಣೆ. ಒಂದು ಬೆಡ್‌ರೂಮಿನ ಫ್ಲಾಟಿನಲ್ಲಿ ತೊಟ್ಟಿಲು ಕಟ್ಟುವುದೆಲ್ಲಿ? ಹಳೆಯ ವಾಡೆಗಳ ಮಾಡಿನಲ್ಲಿ ತೊಲೆ ಇರುತ್ತಿತ್ತು, ಕೊಂಡಿ ಇರುತ್ತಿತ್ತು. ಸ್ಲ್ಯಾಬಿನ ಮನೆಯಲ್ಲಿ ಕಾಂಕ್ರೀಟು ಹಾಕುವ ಮುಂಚೆಯೇ ಕಬ್ಬಿಣದ ಸರಳಿಗೆ ಕೊಂಡಿ ಕಟ್ಟಿಡಬೇಕು. ಆಮೇಲೆ ಕೊರೆದು ಕೂರಿಸುವ ಕೊಂಡಿಗೆ ಸರಿಯಾದ ಆ್ಯಂಕರ್ ಬೋಲ್ಟೂ ಬೇಕು, ತಿಳಿದ ಕೆಲಸಗಾರನೂ ಬೇಕು. ಮಗುವಿನ ಜೀವದ ಪ್ರಶ್ನೆಯಾದ್ದರಿಂದ ಇಲ್ಲಿ ಅಂದಾಜಿನ ಕೆಲಸ ಕೂಡದು. ಬಾಡಿಗೆ ಮನೆಯಾದರೆ ಮಾಲಿಕರ ಒಪ್ಪಿಗೆಯೂ ಬೇಕು. ಹೀಗಾಗಿ ಊರಿನಿಂದ ತವರಿನವರು ಕೊಡುತ್ತೇವೆಂದ ತೊಟ್ಟಿಲನ್ನೂ ಬೇಡವೆಂದು, ಪ್ಲಾಸ್ಟಿಕ್ ಚೌಕಟ್ಟಿನ ತೊಟ್ಟಿಲಿನಲ್ಲಿ ಆರೇಳು ತಿಂಗಳು ಕಳೆದು, ಆಮೇಲೆ ಅದನ್ನು ರದ್ದಿಯವನಿಗೆ ಹಾಕುವುದು ಸಾಮಾನ್ಯವಾಗಿದೆ.

ಸಂಘಗಳು ಮನಸ್ಸು ಮಾಡಿದರೆ

ಇಲ್ಲಿ ಕನ್ನಡ ಸಂಘ-ಸಂಸ್ಥೆಗಳು ಮಾಡಬಹುದಾದ ಒಂದು ಕೆಲಸವಿದೆ. ಸಂಘದ ಹೆಸರಿನಲ್ಲಿ ಒಂದು ಕಲಘಟಗಿ ತೊಟ್ಟಿಲನ್ನು, ನೆಲದ ಮೇಲೆ ನಿಲ್ಲುವ ಮರದ ಚೌಕಟ್ಟಿನ ಸಮೇತ ಮಾಡಿಸಿ ಇಟ್ಟರೆ ಹೇಗೆ? ಮಗುವಿಗೆ ಹೆಸರಿಡುವ, ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಸದಸ್ಯರು ಸರದಿಯಂತೆ ಅದನ್ನು ಒಯ್ಯಬಹುದು. ಲೆಕ್ಕ ಕಷ್ಟದ್ದಲ್ಲ. ಉದಾಹರಣೆಗೆ ಚೌಕಟ್ಟು ಸೇರಿ 60,000 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ ಒಂದು ನಾಮಕರಣವೆಂದರೆ ಹತ್ತು ವರ್ಷಕ್ಕೆ 120 ಮಕ್ಕಳು. ಒಂದು ಮಗುವಿನ ಪಾಲಿಗೆ 500 ರೂಪಾಯಿ. ಹೋಟೆಲಿನ ಹಾಲ್‌ನಲ್ಲಿ ನಾಮಕರಣಕ್ಕೆ ಹಾಕಿಸುವ ಬಲೂನಿನ ಅಲಂಕಾರಕ್ಕೇ ಇದಕ್ಕಿಂತ ಹೆಚ್ಚು ಹೋಗುತ್ತದೆ, ಸಂಜೆಯ ಹೊತ್ತಿಗೆ ಅದು ಕಸದ ಬುಟ್ಟಿಗೆ. ತೊಟ್ಟಿಲಿನ ಹಿಂಬದಿಗೆ ಅದರಲ್ಲಿ ತೂಗಿದ ಮಕ್ಕಳ ಹೆಸರಿನ ಪಟ್ಟಿ ಅಂಟಿಸಿದರೆ ಅದು ಪುಣೆಯ ಕನ್ನಡಿಗರ ವಂಶಾವಳಿಯೂ ಆದೀತು. ಕಲಘಟಗಿಯ ಒಂದು ಕುಟುಂಬಕ್ಕೆ ಆ ತಿಂಗಳ ಕೆಲಸವಾದೀತು.

ಗೂಡುದೀಪದ ಕೆಲಸ ಇನ್ನೂ ಸುಲಭ. ಮಂಗಳೂರಿನ ಕುದ್ರೋಳಿಯಲ್ಲಿ ನಡೆಯುವ ಗೂಡುದೀಪ ಸ್ಪರ್ಧೆಯಲ್ಲಿ ಅಡಿಕೆ ಹಾಳೆ, ಭತ್ತ, ಧಾನ್ಯ, ನಾರು ಮುಂತಾದ ವಸ್ತುಗಳಲ್ಲೇ ಜನ ಬೆರಗಾಗುವಂಥ ದೀಪಗಳನ್ನು ಮಾಡುತ್ತಾರೆ. ಪುಣೆಯಲ್ಲಿ ಬಿದಿರಿಗೆ ಬರವಿಲ್ಲ. ಕಾಗದವೂ ಇಲ್ಲಿಯದೇ ಸಿಗುತ್ತದೆ: ಹತ್ತಿ ಬಟ್ಟೆಯ ಚೂರುಗಳಿಂದ ಕೈಕಾಗದ ಮಾಡುವ ಸಂಸ್ಥೆ ಶಿವಾಜಿನಗರದಲ್ಲಿ 1940ರಲ್ಲೇ ಶುರುವಾಗಿದೆ. ಗಣೇಶನಗರದ ಡಾ. ಕಲ್ಮಾಡಿ ಶಾಮರಾವ್ ಕನ್ನಡ ಶಾಲೆಯಂಥ ಕಡೆ ದೀಪಾವಳಿಗೆ ಮುಂಚಿನ ಒಂದು ಭಾನುವಾರ ಕರಾವಳಿಯ ಹಿರಿಯರೊಬ್ಬರು ಕಡ್ಡಿ ಕಟ್ಟುವುದನ್ನು ತೋರಿಸಿದರೆ, ಬಯಲುಸೀಮೆಯ ಹಿರಿಯರೊಬ್ಬರು ಆಕಾಶಬುಟ್ಟಿಗೆ ಬಾಲಂಗೋಚಿ ಅಂಟಿಸುವುದನ್ನು ತೋರಿಸಿದರೆ ಮಕ್ಕಳು ಒಂದೇ ದಿನದಲ್ಲಿ ಎರಡು ಊರಿನ ಮಾತು ಕಲಿಯುತ್ತಾರೆ.

ಮಹಾರಾಷ್ಟ್ರದ ಮಕ್ಕಳೆಲ್ಲ ಕೇಳಿ ಬೆಳೆಯುವ ಒಂದು ಅಜ್ಜಿಕತೆಯಿದೆ. ಮಗಳ ಮನೆಯಿಂದ ಹೊರಟ ಮುದುಕಿ ಕಾಡಿನ ಹುಲಿಯಿಂದ ಪಾರಾಗಲು ದೊಡ್ಡ ಕುಂಬಳಕಾಯಿಯೊಳಗೆ ಕುಳಿತು ಉರುಳಿಕೊಂಡು ತನ್ನ ಮನೆ ಸೇರುತ್ತಾಳೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ಕನ್ನಡಿಗರೂ ಒಂದು ರೀತಿಯಲ್ಲಿ ಹಾಗೆಯೇ ಈ ಊರಿಗೆ ಬಂದವರು. ಭಾಷೆ, ಹಬ್ಬ, ಅಡುಗೆ, ಜೋಗುಳ ಇವೇ ಅವರನ್ನು ಸುತ್ತಿಕೊಂಡು ಕಾಯ್ದ ಕಾಯಿ. ಈ ದೀಪಾವಳಿಗೆ ಬಾಲ್ಕನಿಯಲ್ಲಿ ತೂಗುವ ಬೆಳಕನ್ನು ಮೊಮ್ಮಗನಿಗೆ ತೋರಿಸಿ ಅದರ ಹೆಸರು ಗೂಡುದೀಪ ಎಂದು ಹೇಳಿಕೊಡಲು ಖರ್ಚೇನೂ ಇಲ್ಲ. ಅಲ್ಲಿಂದಲೇ ಆರಂಭಿಸಬಹುದು.